ಕ್ರಾಸ್‌ಬೋ ಸದ್ದು ಮತ್ತು ಜಿಂಕೆಯ ಕಿವಿ: ಎಷ್ಟು ತಗ್ಗಿಸಬೇಕು, ಹೇಗೆ ತಗ್ಗಿಸಬೇಕು

ಅಮೆರಿಕ, ಕೆನಡಾಗಳಲ್ಲಿ ಬಿಳಿಬಾಲದ ಜಿಂಕೆಯ ಬೇಟೆಗೆ ಕ್ರಾಸ್‌ಬೋ (ಬಂದೂಕಿನಂತೆ ಟ್ರಿಗರ್ ಇರುವ ಅಡ್ಡಬಿಲ್ಲು) ಕೊಳ್ಳಲು ಹೋದವರ ಕಣ್ಣಿಗೆ ಅಂಗಡಿಯಲ್ಲಿ ಎರಡು ಬಗೆಯ ಜಾಹೀರಾತು ಬೀಳುತ್ತದೆ. ಒಂದು, ಸೆಕೆಂಡಿಗೆ 450 ಅಡಿ, 500 ಅಡಿ ವೇಗ ಎನ್ನುವುದು. ಇನ್ನೊಂದು, ಇದನ್ನು ಸಿಕ್ಕಿಸಿದರೆ ಬಿಲ್ಲು ಉಸಿರೇ ಎತ್ತುವುದಿಲ್ಲ ಎನ್ನುವ ರಬ್ಬರ್ ತುಂಡುಗಳದ್ದು. ವೇಗವಿದ್ದರೆ ಸದ್ದಿನ ಚಿಂತೆ ಬೇಡ ಎನ್ನುವವರೂ ಇದ್ದಾರೆ, ಸದ್ದಡಗಿಸದೆ ಕಾಡಿಗೆ ಹೋಗಲೇಬಾರದು ಎನ್ನುವವರೂ ಇದ್ದಾರೆ. ಇಬ್ಬರ ಮಾತೂ ಪೂರ್ತಿ ಸರಿಯಲ್ಲ.

ನೇರವಾಗಿ ಹೇಳುವುದಾದರೆ, ಜಿಂಕೆ 20 ಯಾರ್ಡ್ (ಒಂದು ಯಾರ್ಡ್ ಎಂದರೆ ಮೂರು ಅಡಿ) ಒಳಗೆ ನಿರಾಳವಾಗಿ ಮೇಯುತ್ತಿದ್ದರೆ ಬಿಲ್ಲಿನ ಸದ್ದು ಬಹುಪಾಲು ಲೆಕ್ಕಕ್ಕೆ ಬರುವುದಿಲ್ಲ. 30 ಯಾರ್ಡ್ ದಾಟಿದ ಮೇಲೆ, ಅದರಲ್ಲೂ ಜಿಂಕೆ ಕಿವಿ ನಿಮಿರಿಸಿ ನಿಂತಿದ್ದರೆ, ಸದ್ದು ಬಹಳ ಮುಖ್ಯ. ಆದರೆ ಅಂಥ ಹೊತ್ತಿನಲ್ಲಿ ಸದ್ದು ಕಡಿಮೆಯಾದರೆ ಸಾಲದು, ಬಾಣ ಬಿಡದೇ ಇರುವುದೇ ಸರಿ. ಸದ್ದಡಗಿಸುವ ಕೆಲಸ ಇವೆರಡರ ನಡುವಿನ ಹೊಡೆತಗಳಿಗಾಗಿ ಮಾಡುವಂಥದ್ದು. ಮಾಡಲೇಬೇಕಾದ ಕೆಲಸವೂ ಹೌದು, ಏಕೆಂದರೆ ತಪ್ಪಿದ ಹೊಡೆತದ ನೋವು ಉಣ್ಣುವುದು ಜಿಂಕೆ.

ಇಲ್ಲಿ ಹೇಳಿರುವುದೆಲ್ಲ ಕ್ರಾಸ್‌ಬೋ ಬೇಟೆಗೆ ಪರವಾನಗಿ ಸಿಗುವ ಪ್ರದೇಶಗಳಿಗೆ ಮಾತ್ರ. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಜಿಂಕೆ, ಕಡವೆ, ಕಾಡುಕುರಿ ಯಾವುದನ್ನೂ ಬೇಟೆಯಾಡುವಂತಿಲ್ಲ. ಮಿಷಿಗನ್, ಒಹಾಯೊ, ಪೆನ್ಸಿಲ್ವೇನಿಯಾ ಕಡೆ ನೆಲೆಸಿರುವ ಕನ್ನಡಿಗರು ಬೇಟೆಗಿಳಿಯುವ ಮುನ್ನ ತಮ್ಮ ರಾಜ್ಯದ ಆ ವರ್ಷದ ನಿಯಮಪುಸ್ತಕ ಓದಿಕೊಳ್ಳಬೇಕು. ಕ್ರಾಸ್‌ಬೋ ಬಳಸುವ ಅವಧಿ, ಬ್ರಾಡ್‌ಹೆಡ್‌ನ (ಬಾಣದ ತುದಿಯ ಅಲಗಿನ ಮೊನೆ) ಕನಿಷ್ಠ ಅಗಲ, ಬೇಟೆ ಶಿಕ್ಷಣದ ಪ್ರಮಾಣಪತ್ರ, ಇವು ರಾಜ್ಯದಿಂದ ರಾಜ್ಯಕ್ಕೆ ಬೇರೆ.

ಬಾಣಕ್ಕಿಂತ ಮೊದಲು ಮುಟ್ಟುವುದು ಸದ್ದು

ತಂಪು ಹವೆಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 1,100 ಅಡಿ. ಮಾರುಕಟ್ಟೆಯಲ್ಲಿರುವ ಅತಿವೇಗದ ಕ್ರಾಸ್‌ಬೋ ಕೂಡ ಅದರ ಅರ್ಧದ ಆಸುಪಾಸಿನಲ್ಲೇ ನಿಲ್ಲುತ್ತದೆ. ಹಾಗಾಗಿ ಯಾವ ಬಿಲ್ಲು ತಂದರೂ ಸದ್ದು ಮೊದಲು, ಬಾಣ ಆಮೇಲೆ.

ಸೆಕೆಂಡಿಗೆ 400 ಅಡಿ ವೇಗದಲ್ಲಿ ಹೊರಡುವ ಬಾಣ ಗಾಳಿಯ ತಡೆಯಿಂದ ದಾರಿಯಲ್ಲಿ ಸರಾಸರಿ 390 ಅಡಿಯಂತೆ ಸಾಗುತ್ತದೆ ಎಂದಿಟ್ಟುಕೊಳ್ಳಿ. 20 ಯಾರ್ಡ್ ದೂರದ ಜಿಂಕೆಗೆ ಸದ್ದು ಕೇಳಿದ ಮೇಲೆ ಬಾಣ ಬರಲು 0.10 ಸೆಕೆಂಡ್ ಉಳಿದಿರುತ್ತದೆ. 30 ಯಾರ್ಡಿಗೆ 0.15, 40 ಯಾರ್ಡಿಗೆ 0.20, 50 ಯಾರ್ಡಿಗೆ 0.25. ಜಿಂಕೆಯ ಸ್ನಾಯುಗಳು ಸದ್ದಿಗೆ ಮಣಿಯಲು 0.05 ಸೆಕೆಂಡ್ ಸಾಕು ಎಂದು ಎಚ್ಚರದ ಜಿಂಕೆಯ ಲೆಕ್ಕ ಹಿಡಿಯೋಣ. ಉಳಿದ ಹೊತ್ತಿನಲ್ಲಿ ಅದು ಕಾಲು ಸಡಿಲ ಬಿಟ್ಟು ಸುಮ್ಮನೆ ಕುಸಿದರೂ ಗುರುತ್ವದ ಲೆಕ್ಕದಂತೆ 20 ಯಾರ್ಡಿನಲ್ಲಿ ಒಂದು ಸೆಂ.ಮೀ. ಚಿಲ್ಲರೆ, 30ರಲ್ಲಿ 5 ಸೆಂ.ಮೀ., 40ರಲ್ಲಿ 11 ಸೆಂ.ಮೀ., 50ರಲ್ಲಿ ಸುಮಾರು 20 ಸೆಂ.ಮೀ. ಕೆಳಗಿಳಿಯುತ್ತದೆ. ದೊಡ್ಡ ಜಿಂಕೆಯ ಹೃದಯ-ಶ್ವಾಸಕೋಶದ ಗುರಿ ಹೆಚ್ಚೆಂದರೆ 20ರಿಂದ 25 ಸೆಂ.ಮೀ. ಅಗಲ. ನಡುವಿಗೆ ಗುರಿಯಿಟ್ಟವರಿಗೆ 40 ಯಾರ್ಡಿನಲ್ಲೇ ಆ ಗುರಿಯ ಮೇಲಂಚು ಬಂದುಬಿಡುತ್ತದೆ.

ಜಿಂಕೆ ಬಾಣವನ್ನು ಕಂಡು ತಪ್ಪಿಸಿಕೊಳ್ಳುವುದಿಲ್ಲ. ಓಡಲು ನೆಗೆಯಬೇಕು, ನೆಗೆಯಲು ಮೊದಲು ಕಾಲು ಮಡಿಸಿ ಎದೆ ತಗ್ಗಿಸಬೇಕು. ಆ ತಗ್ಗುವಿಕೆಯ ಹೊತ್ತಿಗೆ ಬಾಣ ಬರುತ್ತದೆ. ಅದಕ್ಕೇ ಸದ್ದಿನಿಂದ ಕೆಡುವ ಹೊಡೆತಗಳು ಸಾಮಾನ್ಯವಾಗಿ ಮೇಲಕ್ಕೆ ಬೀಳುತ್ತವೆ, ಬೆನ್ನುಮೂಳೆಯ ಹತ್ತಿರದ ಮಾಂಸಕ್ಕೆ. ರಕ್ತದ ಜಾಡು ಸರಿಯಾಗಿ ಸಿಗದು, ಜಿಂಕೆಯೂ ಸಿಗದು. ತಗ್ಗುವುದರ ಜೊತೆಗೆ ಅದು ಪಕ್ಕಕ್ಕೂ ತಿರುಗಿದರೆ ಬಾಣ ಹೊಟ್ಟೆಯ ಕಡೆಗೆ ಸರಿಯುತ್ತದೆ. ಇದು ಎಲ್ಲಕ್ಕಿಂತ ಕೆಟ್ಟದ್ದು.

ವೇಗ ಹೆಚ್ಚಿಸಿದರೆ ಏನಾಗುತ್ತದೆ ನೋಡಿ. ಅದೇ 40 ಯಾರ್ಡಿಗೆ 450 ಅಡಿಯ ಬಿಲ್ಲು ತಂದರೆ ಜಿಂಕೆಗೆ ಸಿಗುವ 0.20 ಸೆಕೆಂಡಿನಲ್ಲಿ ಸುಮಾರು 0.035 ಸೆಕೆಂಡ್ ಕಡಿಮೆಯಾಗುತ್ತದೆ. ಕುಸಿತ 11ರಿಂದ ಸುಮಾರು 6 ಸೆಂ.ಮೀ.ಗೆ ಇಳಿಯುತ್ತದೆ. ಇದೇನೂ ಸಣ್ಣದಲ್ಲ. ಆದರೆ ಇದ್ದ 400 ಅಡಿಯ ಬಿಲ್ಲನ್ನೇ ಇಟ್ಟುಕೊಂಡು 40ರ ಬದಲು 25 ಯಾರ್ಡಿನಲ್ಲಿ ಬಾಣ ಬಿಟ್ಟರೆ ಕುಸಿತ 3 ಸೆಂ.ಮೀ.ಗಿಂತ ಕಡಿಮೆ. ಹೊಸ ಬಿಲ್ಲಿಗೆ ಸಾವಿರ ಡಾಲರ್ ಸುರಿಯುವುದಕ್ಕಿಂತ ಕೂರುವ ಮರವನ್ನು ಜಿಂಕೆ ದಾರಿಗೆ 15 ಯಾರ್ಡ್ ಹತ್ತಿರಕ್ಕೆ ತಂದುಕೊಳ್ಳುವುದು ಹೆಚ್ಚು ಕೆಲಸ ಮಾಡುತ್ತದೆ.

ಯಾವ ಸದ್ದು ಜಿಂಕೆಯನ್ನು ಬೆದರಿಸುತ್ತದೆ

ಬಯಲಿನಲ್ಲಿ ದೂರ ಎರಡರಷ್ಟಾದಾಗೆಲ್ಲ ಸದ್ದು ಸುಮಾರು 6 ಡೆಸಿಬಲ್ ಇಳಿಯುತ್ತದೆ. ರಬ್ಬರ್, ಹೆದೆಯ ಒದರಾಟ ತಡೆಯುವ ಸ್ಟಾಪ್, ಭಾರದ ಬಾಣ ಎಲ್ಲ ಸೇರಿ 6 ಡೆಸಿಬಲ್ ಉಳಿಸಿದರೂ 20 ಯಾರ್ಡಿನ ಜಿಂಕೆಗೆ ಅದು 40 ಯಾರ್ಡಿನಿಂದ ಬಂದಂತೆ ಕೇಳುತ್ತದೆ, ಅಷ್ಟೆ. ಗಾಳಿಯಿಲ್ಲದ ನವೆಂಬರ್ ಬೆಳಗ್ಗೆ ಅದು ಕೇಳಿಯೇ ಕೇಳುತ್ತದೆ. ಕೇಳದಂತೆ ಮಾಡುವ ಆಸೆ ಬಿಡಿ. ಬೆದರಿಸದಂತೆ ಮಾಡುವುದು ಸಾಧ್ಯ.

ಜಾರ್ಜಿಯಾ ವಿಶ್ವವಿದ್ಯಾಲಯದ ಸಂಶೋಧಕರು ಬಿಳಿಬಾಲದ ಜಿಂಕೆಯ ಶ್ರವಣಶಕ್ತಿ ಅಳೆದಾಗ ಅವುಗಳ ಕಿವಿ 4ರಿಂದ 8 ಕಿಲೋಹರ್ಟ್ಸ್ ನಡುವೆ ಅತಿ ಚುರುಕು ಎಂದು ಕಂಡಿತು. ಮೇಲ್ಮಿತಿ ನಮ್ಮ 20 ಕಿಲೋಹರ್ಟ್ಸ್ ದಾಟಿ 30ರವರೆಗೂ ಹೋಗುತ್ತದೆ. ಸಡಿಲ ಸ್ಕ್ರೂವಿನ ಕಿರ್‌ಗುಟ್ಟುವಿಕೆ, ಲೋಹಕ್ಕೆ ಲೋಹ ತಾಗುವ ಟಣ್, ಪ್ಲಾಸ್ಟಿಕ್ ಬತ್ತಳಿಕೆಯ ಚಟಚಟ, ಇವೆಲ್ಲ ಈ ಎತ್ತರದ ಸ್ವರಗಳನ್ನು ಎಬ್ಬಿಸುತ್ತವೆ. ಲಿಂಬ್‌ಗಳ, ಅಂದರೆ ಬಿಲ್ಲಿನ ಬಾಗುವ ತೋಳುಗಳ, ಮಂದವಾದ ಧಪ್ ಎನ್ನುವುದು ಕೆಳಸ್ವರದ್ದು. ಹಾಗಾಗಿ ಕೆಲಸದ ಕ್ರಮ ಹೀಗಿರಲಿ: ಮೊದಲು ಚೂಪು ಸದ್ದುಗಳನ್ನು ಕೊಲ್ಲಿ, ಧಪ್ ಎನ್ನುವುದನ್ನು ಆಮೇಲೆ ನೋಡಿಕೊಳ್ಳಿ.

ಕ್ರಾಸ್‌ಬೋ ಕೈಬಿಲ್ಲಿಗಿಂತ ಗದ್ದಲದ್ದಾಗಲು ಕಾರಣವೂ ಇದೆ. ಕಾಂಪೌಂಡ್ ಬಿಲ್ಲಿನಲ್ಲಿ (ತುದಿಗಳಲ್ಲಿ ಕ್ಯಾಮ್ ಎಂಬ ಗಾಲಿಗಳಿರುವ ಬಿಲ್ಲು) ಎಳೆತದ ಪ್ರತಿ ಪೌಂಡಿಗೆ ಕನಿಷ್ಠ 5 ಗ್ರೇನ್ (ಒಂದು ಗ್ರಾಂ ಎಂದರೆ ಸುಮಾರು 15 ಗ್ರೇನ್) ತೂಕದ ಬಾಣ ಇರಬೇಕೆಂಬುದು ರೂಢಿ. 175 ಪೌಂಡ್ ಎಳೆತದ ಕ್ರಾಸ್‌ಬೋಗೆ 400 ಗ್ರೇನ್ ಬಾಣ ಹಾಕಿದರೆ ಪೌಂಡಿಗೆ 2.3 ಗ್ರೇನೂ ಬೀಳುವುದಿಲ್ಲ. ಮೇಲಾಗಿ ಹೆದೆ ಒಂದಡಿಯ ಆಸುಪಾಸಿನ ಗಿಡ್ಡ ಓಟದಲ್ಲೇ ತನ್ನ ಶಕ್ತಿಯನ್ನೆಲ್ಲ ಕೊಟ್ಟು ಮುಗಿಸಬೇಕು. ಬಾಣ ಹೊತ್ತುಕೊಂಡು ಹೋಗದ ಶಕ್ತಿ ಬಿಲ್ಲಿನಲ್ಲೇ ಉಳಿದು ಹೆದೆ, ಲಿಂಬ್, ಕ್ಯಾಮ್, ಸ್ಕೋಪ್, ಸ್ಟಿರಪ್ (ಹೆದೆ ಎಳೆಯುವಾಗ ಕಾಲಿಡುವ ಬಳೆ) ಎಲ್ಲವನ್ನೂ ಅಲುಗಾಡಿಸುತ್ತದೆ. ನಮಗೆ ಕೇಳುವುದು ಆ ಅಲುಗಾಟ.

ಮೊದಲ ಕೆಲಸ: ಬೆರಳಿನಿಂದ ಪತ್ತೆ

ಇದಕ್ಕೆ ಖರ್ಚಿಲ್ಲ. ಹೆದೆ ಎಳೆಯದ, ಬಾಣವಿಲ್ಲದ ಕ್ರಾಸ್‌ಬೋವನ್ನು ದಪ್ಪ ಟವೆಲ್ ಮೇಲೆ ಇಡಿ. ಹೆದೆ ಎಳೆದು ಲಾಕ್ ಆಗಿರುವ ಬಿಲ್ಲಿನ ಮೇಲೆ ಯಾವ ರಿಪೇರಿಯನ್ನೂ ಮಾಡಬೇಡಿ, ಇದರಲ್ಲಿ ವಿನಾಯಿತಿಯೇ ಇಲ್ಲ. ಕೋಣೆಯಲ್ಲಿ ಫ್ಯಾನ್, ಟಿವಿ ಆರಿಸಿ. ಲಿಂಬ್‌ನ ನಡುವೆ ಬೆರಳ ಗೆಣ್ಣಿನಿಂದ ಗಟ್ಟಿಯಾಗಿ ತಟ್ಟಿ ಕಿವಿಗೊಡಿ. ಚೆನ್ನಾಗಿರುವ ಬಿಲ್ಲು ಒಂದು ಮಂದ ಟಕ್ ಎಂದು ಸುಮ್ಮನಾಗುತ್ತದೆ. ಅದರ ಹಿಂದೆಯೇ ಝುಂಯ್ ಎಂಬ ಬಾಲ ಕೇಳಿಸಿದರೆ ಏನೋ ಸಡಿಲವಿದೆ. ಈಗ ಒಂದು ಕೈಯಲ್ಲಿ ತಟ್ಟುತ್ತಾ ಇನ್ನೊಂದು ಕೈಯ ಬೆರಳನ್ನು ಒಂದೊಂದೇ ಭಾಗದ ಮೇಲೆ ಒತ್ತಿ: ಬತ್ತಳಿಕೆಯ ಕೊಕ್ಕೆ, ಸ್ಕೋಪ್ ರಿಂಗ್, ಸ್ಕೋಪಿನ ಮುಚ್ಚಳ, ಪಟ್ಟಿ ಸಿಕ್ಕಿಸುವ ಬಳೆ, ಸ್ಟಿರಪ್, ಬಾಣ ಒತ್ತಿಹಿಡಿಯುವ ಸ್ಪ್ರಿಂಗ್, ಹೆದೆ ಎಳೆಯುವ ಕ್ರ್ಯಾಂಕಿನ ಹಿಡಿ. ಯಾವುದನ್ನು ಒತ್ತಿದಾಗ ಝುಂಯ್ ನಿಲ್ಲುತ್ತದೋ ಅದೇ ಕಳ್ಳ.

ಬಹುತೇಕ ಬಾರಿ ಸಿಕ್ಕಿಬೀಳುವುದು ಬತ್ತಳಿಕೆ, ಸ್ಟಿರಪ್, ಸ್ಕೋಪ್ ಈ ಮೂರರಲ್ಲೊಂದು. ಸ್ಕ್ರೂವನ್ನು ಪೂರ್ತಿ ಬಿಚ್ಚಿ, ಎಣ್ಣೆ ಒರೆಸಿ, ಎಳೆಗೆ ಒಂದೇ ಹನಿ ನೀಲಿ ಥ್ರೆಡ್‌ಲಾಕರ್ (ಸ್ಕ್ರೂ ಸಡಿಲವಾಗದಂತೆ ಹಿಡಿಯುವ ಅಂಟು) ಹಾಕಿ ಬಿಗಿ ಮಾಡಿ. ಕೆಂಪು ಬಣ್ಣದ್ದು ಬೇಡ, ಬಿಸಿ ಮಾಡದೆ ಅದು ಬಿಡುವುದಿಲ್ಲ. ಪ್ಲಾಸ್ಟಿಕ್ ಭಾಗಗಳಿಗೆ ಥ್ರೆಡ್‌ಲಾಕರ್ ತಾಗಿಸಬೇಡಿ, ಕೆಲವು ಪ್ಲಾಸ್ಟಿಕ್ ಬಿರುಕು ಬಿಡುತ್ತವೆ. ಅಲ್ಲಿ ತೆಳ್ಳನೆಯ ರಬ್ಬರ್ ವಾಷರ್ ಸಾಕು. ಸ್ಕೋಪ್ ರಿಂಗಿನ ಸ್ಕ್ರೂಗಳಿಗೆ ಸಾಮಾನ್ಯವಾಗಿ 15ರಿಂದ 20 ಇಂಚ್-ಪೌಂಡ್ ಬಿಗಿ ಇರುತ್ತದೆ. ನಿಮ್ಮ ರಿಂಗಿನ ಜೊತೆ ಬಂದ ಚೀಟಿಯಲ್ಲಿ ಬೇರೆ ಅಂಕಿ ಇದ್ದರೆ ಅದೇ ಪ್ರಮಾಣ. ಕೈಯಂದಾಜಿನಲ್ಲಿ ಬಿಗಿದರೆ ಸ್ಕೋಪಿನ ಕೊಳವೆ ನಜ್ಜಾಗುವುದುಂಟು.

ಲಿಂಬ್ ಹಿಡಿದಿರುವ ದೊಡ್ಡ ಸ್ಕ್ರೂಗಳನ್ನು ಮಾತ್ರ ಮನಸ್ಸಿಗೆ ಬಂದಂತೆ ತಿರುಗಿಸಬೇಡಿ. ಎಡಬಲ ಸಮತೋಲ ತಪ್ಪಿದರೆ ಬಾಣ ದಾರಿ ತಪ್ಪುತ್ತದೆ, ಹೆದೆ ಕ್ಯಾಮ್‌ನಿಂದ ಜಾರಲೂಬಹುದು. ಸಂಶಯವಿದ್ದರೆ ಬಿಲ್ಲಿನ ಪ್ರೆಸ್ (ಲಿಂಬ್‌ಗಳನ್ನು ಅದುಮಿ ಹಿಡಿಯುವ ಸಾಧನ) ಇರುವ ಅಂಗಡಿಗೆ ಒಯ್ಯಿರಿ. ಲೋಹ ಅಥವಾ ಪ್ಲಾಸ್ಟಿಕ್ ಪರಸ್ಪರ ತಾಗುವ ಕಡೆಗೆಲ್ಲ, ಅಂದರೆ ಬತ್ತಳಿಕೆಯ ಕೊಕ್ಕೆಯ ಒಳಗೆ, ಕ್ರ್ಯಾಂಕಿನ ಹಿಡಿ ಕೂರುವ ಜಾಗದಲ್ಲಿ, ಅಂಟಿನ ಬೆನ್ನಿನ ಫೆಲ್ಟ್ ಪಟ್ಟಿ ಕತ್ತರಿಸಿ ಹಚ್ಚಿ. ರೈಲ್ (ಬಾಣ ಸಾಗುವ ಉದ್ದ ಹಳಿ) ಮೇಲೆ, ಹೆದೆ ಓಡುವ ದಾರಿಯಲ್ಲಿ, ಬಾಣ ಕೂರುವ ಕಾಲುವೆಯಲ್ಲಿ ಏನನ್ನೂ ಅಂಟಿಸಬಾರದು.

ಬಾಣದ ತೂಕ

ಕೊಳ್ಳುವ ಯಾವ ಸದ್ದಡಗಿಸುವ ವಸ್ತುವಿಗಿಂತಲೂ ಹೆಚ್ಚು ಫಲ ಕೊಡುವುದು ತುಸು ಭಾರದ ಬಾಣ. ಭಾರ ಹೆಚ್ಚಿದಷ್ಟೂ ಬಿಲ್ಲಿನ ಶಕ್ತಿಯ ಹೆಚ್ಚು ಪಾಲನ್ನು ಬಾಣ ಹೊತ್ತೊಯ್ಯುತ್ತದೆ, ಅಲುಗಾಟಕ್ಕೆ ಉಳಿಯುವುದು ಕಡಿಮೆ. ವ್ಯತ್ಯಾಸ ಮೊದಲ ಹೊಡೆತದಲ್ಲೇ ಕೈಗೆ ಗೊತ್ತಾಗುತ್ತದೆ: ಕೈಗೆ ಬಡಿಯುವ ಜುಮ್ಮು ತಗ್ಗುತ್ತದೆ.

ತಯಾರಕರು ಕೈಪಿಡಿಯಲ್ಲಿ ಕೊಟ್ಟಿರುವ ಕನಿಷ್ಠ ತೂಕಕ್ಕಿಂತ ಒಂದು ಗ್ರೇನೂ ಕೆಳಗೆ ಹೋಗಬೇಡಿ. ತೂಕ ಎಂದರೆ ನಾಕ್ (ಹೆದೆಗೆ ತಾಗುವ ಬಾಣದ ಹಿಂತುದಿ), ಗರಿ, ಇನ್ಸರ್ಟ್ (ಬ್ರಾಡ್‌ಹೆಡ್ ಕೂರಿಸುವ ಒಳತುಂಡು), ಬ್ರಾಡ್‌ಹೆಡ್ ಎಲ್ಲ ಸೇರಿಸಿ. ಆ ಕನಿಷ್ಠ 400 ಗ್ರೇನ್, ಅಂದರೆ ಸುಮಾರು 26 ಗ್ರಾಂ ಇದ್ದರೆ, ಬೇಟೆಗೆ 450ರಿಂದ 500 ಗ್ರೇನ್ ಆರಿಸಿಕೊಳ್ಳಿ. 100 ಗ್ರೇನಿನ ಬ್ರಾಡ್‌ಹೆಡ್ ಬದಲು 150ರದ್ದು ಹಾಕುವುದು ಸುಲಭದ ದಾರಿ. ಅಲ್ಯೂಮಿನಿಯಂ ಇನ್ಸರ್ಟ್ ಬದಲು ಹಿತ್ತಾಳೆಯದು ಹಾಕಿಸುವುದು ಇನ್ನೊಂದು. ಎರಡರಿಂದಲೂ ತೂಕ ಬಾಣದ ಮೂತಿಯಲ್ಲೇ ಸೇರುವುದರಿಂದ ಹಾರಾಟ ಸಾಮಾನ್ಯವಾಗಿ ಸುಧಾರಿಸುತ್ತದೆ.

ಇದಕ್ಕೆ ತೆರಬೇಕಾದ ಬೆಲೆಯನ್ನೂ ಹೇಳಬೇಕು. 400 ಗ್ರೇನ್ ಬಾಣವನ್ನು ಸೆಕೆಂಡಿಗೆ 400 ಅಡಿಯಂತೆ ಬಿಡುವ ಬಿಲ್ಲು 450 ಗ್ರೇನಿಗೆ ಸುಮಾರು 377 ಅಡಿ, 500 ಗ್ರೇನಿಗೆ ಸುಮಾರು 357 ಅಡಿ ಕೊಡುತ್ತದೆ. ಬಾಣ ನಿಧಾನವಾದರೆ ಜಿಂಕೆಗೆ ಕುಸಿಯಲು ಹೊತ್ತು ಹೆಚ್ಚು. 40 ಯಾರ್ಡಿನಲ್ಲಿ 500 ಗ್ರೇನ್ ಬಾಣಕ್ಕೆ ಕುಸಿತದ ಲೆಕ್ಕ 11ರಿಂದ 16-17 ಸೆಂ.ಮೀ.ಗೆ ಏರುತ್ತದೆ. 25 ಯಾರ್ಡಿನಲ್ಲಾದರೆ ವ್ಯತ್ಯಾಸ 2 ಸೆಂ.ಮೀ. ಕೂಡ ಇಲ್ಲ. ಆದ್ದರಿಂದ ಹತ್ತಿರದ ಹೊಡೆತವನ್ನಷ್ಟೇ ತೆಗೆದುಕೊಳ್ಳುವವರಿಗೆ ಭಾರದ ಬಾಣ ಎಲ್ಲ ರೀತಿಯಲ್ಲೂ ಲಾಭ. ಸದ್ದು ಕಡಿಮೆ, ಬಿಲ್ಲಿಗೆ ಪೆಟ್ಟು ಕಡಿಮೆ, ಮೂಳೆ ತಾಗಿದರೂ ಒಳಹೋಗುವ ಬಲ ಹೆಚ್ಚು. 40 ಯಾರ್ಡಿಗೆ ಬಿಡುತ್ತೇನೆ ಎನ್ನುವವರು 450 ಗ್ರೇನ್ ಸುಮಾರಿನಲ್ಲೇ ನಿಲ್ಲಲಿ.

ತೂಕ ಬದಲಿಸಿದ ಮೇಲೆ ಸ್ಕೋಪ್ ಮತ್ತೆ ಹೊಂದಿಸಲೇಬೇಕು. 20 ಯಾರ್ಡಿಗೆ ಹೊಂದಿಸಿದ ಮೇಲೂ 40 ಯಾರ್ಡಿನಲ್ಲಿ 500 ಗ್ರೇನ್ ಬಾಣ ಹಳೆಯದಕ್ಕಿಂತ ಸುಮಾರು 6 ಸೆಂ.ಮೀ. ಕೆಳಗೆ ಬೀಳುತ್ತದೆ. ಸ್ಕೋಪಿನಲ್ಲಿ ವೇಗದ ಉಂಗುರವಿದ್ದರೆ ಅದನ್ನು ಹೊಸ ವೇಗಕ್ಕೆ ತಿರುಗಿಸಿ, 20, 30, 40ರಲ್ಲಿ ಗುರಿಹಲಗೆಯ ಮೇಲೆ ಖಾತ್ರಿ ಮಾಡಿಕೊಳ್ಳಿ. ನಾಕ್ ವಿಷಯದಲ್ಲಿ ಪ್ರಯೋಗ ಬೇಡ. ಚಪ್ಪಟೆ, ಅರ್ಧಚಂದ್ರ, ಹೆದೆ ಕಚ್ಚಿಕೊಳ್ಳುವ ಬಗೆ, ಯಾವುದನ್ನು ಕೈಪಿಡಿ ಹೇಳಿದೆಯೋ ಅದೇ. ಬೇರೆಯದು ಹಾಕಿದರೆ ಹೆದೆ ಬಾಣದ ಮೇಲೋ ಕೆಳಗೋ ಜಾರಿ, ಬಿಲ್ಲು ಬಾಣವಿಲ್ಲದೆ ಬಿಟ್ಟಂತೆ ಸಿಡಿಯುತ್ತದೆ. ಲಿಂಬ್ ಒಡೆಯುವುದು ಹೀಗೆಯೇ.

ಹೆದೆ ಮತ್ತು ಸ್ಟಾಪ್

ಬಾಣ ಬಿಟ್ಟ ಮೇಲೂ ಹೆದೆ ಹಿಂದಕ್ಕೂ ಮುಂದಕ್ಕೂ ಒದರಾಡುತ್ತದೆ. ಅದನ್ನು ತಡೆದು ನಿಲ್ಲಿಸುವುದೇ ಹೆದೆಸ್ಟಾಪ್, ಅಂದರೆ ಕಂಬಿಯ ತುದಿಯಲ್ಲಿರುವ ರಬ್ಬರ್ ಗುಂಡಿ. ಈಗ ಬರುವ ಬಹುತೇಕ ಕಾಂಪೌಂಡ್ ಕ್ರಾಸ್‌ಬೋಗಳಲ್ಲಿ ಎರಡು ಸ್ಟಾಪ್ ಇದ್ದೇ ಇರುತ್ತವೆ. ಇಲ್ಲದ ಮಾದರಿಗೆ ಅದಕ್ಕೆಂದೇ ಮಾಡಿದ ಜೋಡಿ ಸಿಗುತ್ತದೆ.

ಇದ್ದರೂ ಕೆಲಸ ಮಾಡದಿರಲು ಕಾರಣ ಅಂತರ. ಹೆದೆ ಎಳೆಯದೆ ಇರುವಾಗ ಗುಂಡಿ ಹೆದೆಗೆ ಹಗುರಾಗಿ ತಾಗುವಂತೆ, ಇಲ್ಲವೇ ವಿಸಿಟಿಂಗ್ ಕಾರ್ಡ್ ಒಂದು ತೂರುವಷ್ಟು ದೂರದಲ್ಲಿ ಇರಬೇಕು. ಕೈಪಿಡಿಯಲ್ಲಿ ಬೇರೆ ಅಳತೆ ಇದ್ದರೆ ಅದನ್ನೇ ಪಾಲಿಸಿ. ಗುಂಡಿ ಹೆದೆಯನ್ನು ತಳ್ಳಿ ಬಾಗಿಸುತ್ತಿದ್ದರೆ ಬಾಣ ಹೊರಡುವ ಮೊದಲೇ ಹೆದೆಗೆ ತಡೆ ಬಿದ್ದು ವೇಗವೂ ಗುರಿಯೂ ಕೆಡುತ್ತವೆ. ಅಂತರ ಹೆಚ್ಚಾದರೆ ಹೆದೆ ಓಡಿ ಬಂದು ಗುಂಡಿಗೆ ಬಾರಿಸಿ ಚಟೀರ್ ಎನ್ನುತ್ತದೆ, ಅಂದರೆ ಸ್ಟಾಪೇ ಸದ್ದಿನ ಮೂಲವಾಗುತ್ತದೆ. ಎರಡೂ ಗುಂಡಿಗಳಿಗೆ ಹೆದೆ ಒಟ್ಟಿಗೆ ತಾಗಬೇಕು. ಪರೀಕ್ಷೆಗೆ ಗುಂಡಿಗಳ ಮುಖಕ್ಕೆ ಬಳಪದ ಪುಡಿ ಒರೆಸಿ ಒಂದು ಬಾಣ ಬಿಡಿ. ಎರಡರ ಮೇಲೂ ಒಂದೇ ಅಗಲದ ಗೆರೆ ಮೂಡಿದರೆ ಸರಿ. ಒಂದರ ಮೇಲೆ ಆಳ, ಇನ್ನೊಂದರ ಮೇಲೆ ತೇಲಿದ ಗೆರೆ ಇದ್ದರೆ ಕಂಬಿಯ ಉದ್ದ ಸರಿಪಡಿಸಿ. ಅಷ್ಟಾದರೂ ಸರಿಹೋಗದಿದ್ದರೆ ಎರಡು ಕ್ಯಾಮ್‌ಗಳು ಒಟ್ಟಿಗೆ ತಿರುಗುತ್ತಿಲ್ಲ ಎಂದರ್ಥ. ಅದು ಪ್ರೆಸ್ ಇರುವವರ ಕೆಲಸ. ಗುಂಡಿಯಲ್ಲಿ ಹೆದೆಯ ಗುರುತು ಆಳವಾಗಿ ಕೊರೆದುಹೋಗಿದ್ದರೆ ಹೊಸದು ಹಾಕಿ.

ಹೆದೆಯ ಎಳೆಗಳಿಗೆ ಮೇಣ ಹಚ್ಚಿ ಬೆರಳಿನಿಂದ ತಿಕ್ಕಿ ಬಿಸಿ ಮಾಡಿ ಒಳಗಿಳಿಸಿ. ನಡುವಿನ ಸುತ್ತುದಾರಕ್ಕೆ, ಅಂದರೆ ಸರ್ವಿಂಗ್‌ಗೆ, ಮೇಣ ಬೇಡ. ಅಲ್ಲಿ ಮತ್ತು ರೈಲ್ ಮೇಲೆ ಕೈಪಿಡಿ ಹೇಳಿದಷ್ಟು ಹೊಡೆತಕ್ಕೊಮ್ಮೆ ಒಂದೆರಡು ಹನಿ ರೈಲ್ ಲೂಬ್, ಬೆರಳಲ್ಲಿ ತೆಳುವಾಗಿ ಸವರಿ. ಒಣ ರೈಲ್ ಸದ್ದು ಮಾಡುವುದಲ್ಲದೆ ಸರ್ವಿಂಗನ್ನು ತಿನ್ನುತ್ತದೆ. ಜಾಸ್ತಿ ಸುರಿದರೆ ಟ್ರಿಗರ್ ಪೆಟ್ಟಿಗೆಯೊಳಗೆ ಹರಿದು ಧೂಳು ಹಿಡಿಯುತ್ತದೆ. ಬಾಣ ರೈಲಿಗೆ ತಾಗದಂತೆ ಕಟ್ಟಿರುವ ರೇವಿನ್‌ನಂಥ ಬಿಲ್ಲುಗಳ ಆರೈಕೆ ಬೇರೆ, ಅಲ್ಲಿ ತಯಾರಕರ ಸೂಚನೆಯೇ ಅಂತಿಮ.

ಹೆದೆಗೆ ಕಟ್ಟುವ ರಬ್ಬರ್ ಮೀಸೆ, ಉಣ್ಣೆಯ ಕುಚ್ಚುಗಳ ಬಗ್ಗೆ ಎಚ್ಚರ ಬೇಕು. ರಿಕರ್ವ್ ಕ್ರಾಸ್‌ಬೋಗಳಲ್ಲಿ ಇವು ಚೆನ್ನಾಗಿ ಕೆಲಸ ಮಾಡುತ್ತವೆ, ಏಕೆಂದರೆ ಅಲ್ಲಿ ಹೆದೆ ಉದ್ದ, ತುದಿಯಲ್ಲಿ ಕ್ಯಾಮ್ ಇಲ್ಲ. ಕಾಂಪೌಂಡ್‌ನಲ್ಲಿ ಕುಚ್ಚು ಕ್ಯಾಮ್ ಕಾಲುವೆಗೆ ಸಿಕ್ಕರೆ ಹೆದೆ ಹಳಿ ತಪ್ಪುತ್ತದೆ. ಹಾಗಾಗಿ ಕಾಂಪೌಂಡ್ ಇದ್ದವರು ಸ್ಟಾಪ್ ಸರಿಮಾಡಿಕೊಂಡು ಹೆದೆಯನ್ನು ಅದರ ಪಾಡಿಗೆ ಬಿಡುವುದೇ ವಾಸಿ. ರಿಕರ್ವ್‌ಗೆ ಕಟ್ಟಿದರೂ ಹೆದೆಯ ಭಾರ ಹೆಚ್ಚಿ ವೇಗ ತುಸು ಇಳಿಯುತ್ತದೆ. ಮಳೆಯಲ್ಲಿ ನೆಂದ ಉಣ್ಣೆ ಇನ್ನೂ ಭಾರ.

ಲಿಂಬ್‌ಗಳಿಗೆ ಹಚ್ಚುವ ರಬ್ಬರ್ ಕೊನೆಯದು. ಲಿಂಬ್‌ಸೇವರ್, ಬೋಜ್ಯಾಕ್ಸ್ ಮುಂತಾದವರು ಅಂಟಿಸುವ ಮತ್ತು ಸೀಳಿದ ಲಿಂಬ್‌ನ ಎರಡು ಪಟ್ಟಿಗಳ ನಡುವೆ ತುರುಕುವ ಬಗೆಗಳನ್ನು ಮಾರುತ್ತಾರೆ. ಅಂಟಿಸುವ ಮುನ್ನ ಆಲ್ಕೋಹಾಲ್‌ನಿಂದ ಲಿಂಬ್ ಒರೆಸಿ, ಅಂಟಿಸಿದ ಮೇಲೆ ಒಂದು ದಿನ ಬಿಲ್ಲು ಬಳಸಬೇಡಿ. ಎರಡೂ ಕಡೆ ಒಂದೇ ಅಳತೆಯಲ್ಲಿ ಇರಬೇಕು. ಇವು ಧಪ್ ಎನ್ನುವುದನ್ನೂ ಕೈಗೆ ಬರುವ ನಡುಕವನ್ನೂ ತಗ್ಗಿಸುತ್ತವೆ, ಚೂಪು ಸದ್ದಿನ ಮೇಲೆ ಪರಿಣಾಮ ಕಡಿಮೆ. ಶೂನ್ಯಕ್ಕಿಂತ ಕೆಳಗಿನ ಚಳಿಯಲ್ಲಿ ರಬ್ಬರ್ ಗಡುಸಾಗುವುದರಿಂದ ಸೆಪ್ಟೆಂಬರಿನಲ್ಲಿ ಕೇಳಿದ ಸದ್ದು ಡಿಸೆಂಬರಿನಲ್ಲಿ ಅಷ್ಟೇ ಇರುತ್ತದೆ ಎಂದು ನಂಬಬೇಡಿ.

ಹಾರುವ ಬಾಣದ ಸದ್ದು

ಹಲವರು ಮರೆಯುವ ಸದ್ದು ಇದು. ಬಿಲ್ಲಿನ ಸದ್ದು ದೂರ ಹೋದಂತೆ ಕ್ಷೀಣಿಸಿದರೆ ಬಾಣದ ಸಿಳ್ಳೆ ಜಿಂಕೆಯ ಕಡೆಗೇ ಬರುತ್ತಾ ಏರುತ್ತದೆ. ಅಲಗಿನಲ್ಲಿ ದೊಡ್ಡ ಕಿಂಡಿಗಳಿರುವ ಬ್ರಾಡ್‌ಹೆಡ್‌ಗಳು ಸಿಳ್ಳೆ ಹಾಕುತ್ತವೆ. ಕಿಂಡಿಯಿಲ್ಲದ ಗಟ್ಟಿ ಅಲಗಿನವು ಮತ್ತು ಹಾರುವಾಗ ಮಡಿಚಿಕೊಂಡಿರುವವು ಶಾಂತ. ಗರಿಯೊಂದರ ಅಂಚು ಸುಕ್ಕಾಗಿದ್ದರೆ, ಬುಡ ಎದ್ದಿದ್ದರೆ ಬಾಣ ಬುರ್ ಎನ್ನುತ್ತದೆ. ಪರೀಕ್ಷಿಸಲು ಫೋನನ್ನು ಗುರಿಹಲಗೆಯ ಪಕ್ಕದಲ್ಲಿ, ದಪ್ಪ ಮರದ ದಿಮ್ಮಿಯ ಹಿಂದೆ ಇಟ್ಟು ಧ್ವನಿಮುದ್ರಿಸಿ. ಕೇಳಲೆಂದು ಯಾರನ್ನೂ ಗುರಿಯ ಕಡೆ ನಿಲ್ಲಿಸಬಾರದು, ಎಷ್ಟೇ ಪಕ್ಕಕ್ಕಾದರೂ ಸರಿ.

ಇದೇ ಮುದ್ರಿಕೆಯಿಂದ ಬಿಲ್ಲಿನ ಸದ್ದನ್ನೂ ಹೋಲಿಸಬಹುದು. ಫೋನಿನ ಡೆಸಿಬಲ್ ಆ್ಯಪ್‌ಗಳ ಅಂಕಿಯನ್ನು ನೆಚ್ಚಬೇಡಿ. ಕ್ಷಣಮಾತ್ರದ ಸದ್ದನ್ನು ಅವು ಸರಿಯಾಗಿ ಹಿಡಿಯುವುದಿಲ್ಲ, ಹತ್ತಿರವಿಟ್ಟರೆ ಮೈಕ್ ತುಂಬಿ ಎಲ್ಲ ಹೊಡೆತವೂ ಒಂದೇ ಎಂದು ತೋರಿಸುತ್ತವೆ. 25-30 ಯಾರ್ಡ್ ದೂರದಲ್ಲಿ, ಅದೇ ಜಾಗದಲ್ಲಿ, ಗಾಳಿ ಇಲ್ಲದ ಹೊತ್ತಿನಲ್ಲಿ, ಬದಲಾವಣೆಗೆ ಮೊದಲು ಮೂರು, ಆಮೇಲೆ ಮೂರು ಬಾಣ ಮುದ್ರಿಸಿ ಹೆಡ್‌ಫೋನಿನಲ್ಲಿ ಕೇಳಿ. ಕಿವಿ ಹುಡುಕಬೇಕಾದುದು ಜೋರನ್ನಲ್ಲ, ಬಾಲವನ್ನು. ಧಪ್ ಎಂದು ಮುಗಿದರೆ ಒಳ್ಳೆಯದು, ಟ್ರ್‌ರ್‌ರ್ ಎಂದು ಎಳೆದರೆ ಇನ್ನೂ ಏನೋ ಸಡಿಲವಿದೆ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಇಲ್ಲದಿದ್ದರೆ ಯಾವುದರಿಂದ ಲಾಭವಾಯಿತೆಂದು ತಿಳಿಯದು.

ಬಾಣ ಬಿಡುವ ಮೊದಲಿನ ಸದ್ದು

ಜಿಂಕೆ ಕುಸಿಯುತ್ತದೋ ಇಲ್ಲವೋ ಎನ್ನುವುದು ಬಹುಮಟ್ಟಿಗೆ ಟ್ರಿಗರ್ ಒತ್ತುವ ಮೊದಲೇ ತೀರ್ಮಾನವಾಗಿರುತ್ತದೆ. ಸೇಫ್ಟಿಯ ಟಕ್, ಜಾಕೆಟ್ಟಿನ ವೆಲ್ಕ್ರೋ, ಕುರ್ಚಿಯ ಕಿರ್, ಬಿಲ್ಲು ಕಟಾಂಜನಕ್ಕೆ ತಾಗಿದ ಠಣ್, ಇವುಗಳಲ್ಲಿ ಒಂದು ಸಾಕು ನಿರಾಳ ಜಿಂಕೆಯನ್ನು ಸ್ಪ್ರಿಂಗಿನಂತೆ ಬಿಗಿಯಾಗಿಸಲು.

ಸೇಫ್ಟಿಯನ್ನು ಒಂದೇ ಬೆರಳಲ್ಲಿ ದೂಡಬೇಡಿ. ಹೆಬ್ಬೆರಳು, ತೋರುಬೆರಳುಗಳಲ್ಲಿ ಎರಡೂ ಕಡೆಯಿಂದ ಹಿಡಿದು ನಿಧಾನ ಸರಿಸಿದರೆ ಟಕ್ ಎನ್ನುವುದಿಲ್ಲ. ಮನೆಯಲ್ಲಿ ಖಾಲಿ ಬಿಲ್ಲಿನ ಮೇಲೆ ಅಭ್ಯಾಸ ಮಾಡಿ, ಆದರೆ ಬಾಣವಿಲ್ಲದೆ ಟ್ರಿಗರ್ ಎಳೆಯಬೇಡಿ. ಕ್ರ್ಯಾಂಕ್ ತಿರುಗಿಸುವಾಗ ಟಕಟಕ ಎನ್ನುವ ಬಿಲ್ಲಾದರೆ ಆ ಕೆಲಸವನ್ನು ಜಾಗಕ್ಕೆ ಹೋದ ತಕ್ಷಣ, ಬೆಳಕು ಹರಿಯುವ ಮೊದಲೇ, ನೆಲದ ಮೇಲೆ ನಿಂತೇ ಮುಗಿಸಿ. ಟೆನ್‌ಪಾಯಿಂಟ್‌ನ ಆಕ್ಯುಸ್ಲೈಡ್‌ನಂಥ ಸದ್ದಿಲ್ಲದ ಕ್ರ್ಯಾಂಕ್ ಇದ್ದವರಿಗೆ ಈ ತಲೆನೋವಿಲ್ಲ. ಮರ ಹತ್ತುವಾಗ ಬಿಲ್ಲು ಕೈಯಲ್ಲಿ ಇರಬಾರದು, ಬಾಣ ಅದರ ಮೇಲೆ ಇರಲೇಬಾರದು. ಸುರಕ್ಷತಾ ಪಟ್ಟಿ ಕಟ್ಟಿಕೊಂಡು ಹತ್ತಿ, ಹಗ್ಗದಲ್ಲಿ ಎಳೆದುಕೊಳ್ಳಿ. ಮೇಲೆ ಕೂತ ಮೇಲೆ ಬತ್ತಳಿಕೆ ಕಳಚಿ ಕೊಂಬೆಗೆ ತೂಗುಹಾಕಿ. ಒಂದು ಝುಂಯ್ ಅಷ್ಟರಿಂದಲೇ ಹೋಗುತ್ತದೆ.

ಲಿಂಬ್‌ಗಳು ಸಿಡಿಯುವ ಜಾಗ ಖಾಲಿ ಇದೆಯೇ ಎಂದು ಎಡಬಲ ನೋಡಿ. ಟ್ರೀಸ್ಟ್ಯಾಂಡಿನ (ಮರದ ಮೇಲೆ ಕೂರುವ ಪೀಠ) ಕಂಬಿಗೋ ಬ್ಲೈಂಡಿನ (ಅಡಗಿ ಕೂರುವ ಗೂಡು) ಕಿಟಕಿ ಚೌಕಟ್ಟಿಗೋ ಲಿಂಬ್ ಬಡಿದರೆ ಸದ್ದಿನ ಮಾತಿರಲಿ, ಬಿಲ್ಲೇ ಒಡೆದು ಗಾಯ ಮಾಡುತ್ತದೆ. ಹೆಬ್ಬೆರಳು ರೈಲಿನ ಮಟ್ಟಕ್ಕಿಂತ ಕೆಳಗೇ ಇರಲಿ.

ನಡೆಯುವ ಜಿಂಕೆಯನ್ನು ನಿಲ್ಲಿಸಲು ಬಾಯಲ್ಲಿ ಮ್ಯಾ ಎನ್ನುವ ಅಭ್ಯಾಸ ಹಲವರಿಗಿದೆ. ನಿಲ್ಲುತ್ತದೆ ನಿಜ, ಆದರೆ ಕಿವಿಯನ್ನು ನಿಮ್ಮ ಕಡೆ ತಿರುಗಿಸಿ, ಮೈ ಬಿಗಿಹಿಡಿದು ನಿಲ್ಲುತ್ತದೆ. 20 ಯಾರ್ಡ್ ಒಳಗೆ ಇದರಿಂದ ಹಾನಿ ಕಡಿಮೆ. ಅದಕ್ಕಿಂತ ದೂರದಲ್ಲಿ ಜಿಂಕೆ ತಾನಾಗಿ ನಿಲ್ಲುವವರೆಗೆ ಕಾಯಿರಿ. ಬಾಲ ಅತ್ತಿತ್ತ ಅಲ್ಲಾಡುತ್ತಿದ್ದರೆ, ಕಿವಿಗಳು ಬೇರೆ ಬೇರೆ ಕಡೆ ತಿರುಗುತ್ತಿದ್ದರೆ, ಮೇಯುತ್ತಾ ಹೆಜ್ಜೆ ಹಾಕುತ್ತಿದ್ದರೆ ಅದು ನಿರಾಳವಾಗಿದೆ. ತಲೆಯೆತ್ತಿ, ಎರಡೂ ಕಿವಿ ಒಂದೇ ಕಡೆಗೆ ಚಾಚಿ, ಮುಂಗಾಲು ನೆಲಕ್ಕೆ ಬಡಿಯುತ್ತಿದ್ದರೆ ಯಾವ ಸದ್ದಡಗಿಸುವ ಸಾಧನವೂ ನಿಮ್ಮ ನೆರವಿಗೆ ಬಾರದು. ತಲೆ ತಗ್ಗಿಸಿರುವ ಜಿಂಕೆ ಕೂಡ, ಬೆದರಿದರೆ, ತಲೆಯನ್ನು ಮೇಲಕ್ಕೆಸೆಯುವ ರಭಸದಲ್ಲಿ ಎದೆಯನ್ನು ಇನ್ನೂ ಜೋರಾಗಿ ತಗ್ಗಿಸುತ್ತದೆ ಎನ್ನುವುದು ನೆನಪಿರಲಿ.

ಎಲ್ಲಿಗೆ ಗುರಿ

20 ಯಾರ್ಡ್ ಒಳಗೆ ಮುಂಗಾಲಿನ ಹಿಂದೆ, ಎದೆಯ ಎತ್ತರದ ಕೆಳಗಿನ ಮೂರನೇ ಒಂದು ಮತ್ತು ನಡುವಿನ ಗೆರೆಯ ಮಧ್ಯೆ ಗುರಿ ಇಡಿ. 30 ಯಾರ್ಡಿಗೆ ಅದನ್ನು ಕೆಳಗಿನ ಮೂರನೇ ಒಂದಕ್ಕೆ, ಹೃದಯದ ಮಟ್ಟಕ್ಕೆ ಇಳಿಸಿ. ಜಿಂಕೆ ಕದಲದಿದ್ದರೆ ಬಾಣ ಹೃದಯಕ್ಕೆ, ತಗ್ಗಿದರೆ ಶ್ವಾಸಕೋಶಕ್ಕೆ. ಎರಡೂ ಬೇಗ ಮುಗಿಸುವ ಹೊಡೆತಗಳೇ. ಕುಸಿಯುತ್ತದೆ ಎಂದು ಊಹಿಸಿ ಮೈಗಿಂತ ಕೆಳಗೆ, ಗಾಳಿಗೆ ಗುರಿಯಿಡುವುದು ಬೇಡ. ಪ್ರತಿ ಜಿಂಕೆಯೂ ಕುಸಿಯುವುದಿಲ್ಲ, ಕುಸಿಯದ ಜಿಂಕೆಯ ಕಾಲಿಗೆ ಬಾಣ ಬಿದ್ದರೆ ಅದು ನಿಮ್ಮದೇ ಹೊಣೆ. ಒಳ್ಳೆಯ ಕ್ರಾಸ್‌ಬೋ 60 ಯಾರ್ಡಿನಲ್ಲೂ ಬೊಗಸೆಯಷ್ಟು ಜಾಗದಲ್ಲಿ ಬಾಣಗಳನ್ನು ಗುಂಪಾಗಿ ನೆಡುತ್ತದೆ. ಗುರಿಹಲಗೆಗೆ ಕಿವಿಯಿಲ್ಲ. ಜೀವಂತ ಜಿಂಕೆಗೆ 30 ಯಾರ್ಡನ್ನೇ ಗಡಿ ಮಾಡಿಕೊಳ್ಳಿ, ಗಾಳಿ ಮರಗಳನ್ನು ಸದ್ದು ಮಾಡಿಸುತ್ತಿದ್ದು ಜಿಂಕೆ ನಿರಾಳವಾಗಿದ್ದರಷ್ಟೇ 40.

ಕತ್ತಲಾದ ಮೇಲೆ ಬಾಣ ಬಿಡದೆ ಇಳಿಯುವಾಗಲೂ ಮೊದಲು ಬಾಣ ತೆಗೆದು, ಬಿಲ್ಲನ್ನು ಹಗ್ಗದಲ್ಲಿ ಇಳಿಸಿ. ಹೆದೆ ಸಡಿಲಿಸಲು ಬಿಲ್ಲಿನಲ್ಲೇ ವ್ಯವಸ್ಥೆ ಇದ್ದರೆ ಬಳಸಿ. ಇಲ್ಲದಿದ್ದರೆ ಇದಕ್ಕೆಂದೇ ಸಿಗುವ ಮೊಂಡು ಮೂತಿಯ ಬಾಣವನ್ನು ಕಲ್ಲಿಲ್ಲದ ಮೆತ್ತನೆ ಮಣ್ಣಿಗೋ ಚೀಲದ ಗುರಿಗೋ ಬಿಡಿ. ಆ ಬಾಣವೂ ಕೈಪಿಡಿಯ ಕನಿಷ್ಠ ತೂಕ ಮುಟ್ಟಬೇಕು, ಪ್ರತಿ ಸಲ ಬಿಡುವ ಮುನ್ನ ಅದನ್ನು ಬಾಗಿಸಿ ಸೀಳಿನ ಸದ್ದಿಗೆ ಕಿವಿಗೊಡಬೇಕು. ಮನೆಗೆ ಬಂದು ಬಿಲ್ಲನ್ನು ಒಣಬಟ್ಟೆಯಲ್ಲಿ ಒರೆಸುವಾಗ ಸ್ಟಿರಪ್, ಸ್ಕೋಪ್, ಸ್ಟಾಪ್‌ಗಳನ್ನು ಇನ್ನೊಮ್ಮೆ ಬೆರಳಿನಿಂದ ಅಲುಗಿಸಿ ನೋಡಿ. ಗಾಡಿಯ ಡಿಕ್ಕಿಯಲ್ಲಿ ಕುಲುಕಿದ ಸ್ಕ್ರೂಗಳು ಋತುವಿನ ನಡುವೆ ಮತ್ತೆ ಸಡಿಲಾಗುತ್ತವೆ.